ರೇಟ್ ಕಾರ್ಡ್ ಆಮೇಲೆ ನೋಡಿ: ಸಣ್ಣ ಆನ್‌ಲೈನ್ ವ್ಯಾಪಾರಕ್ಕೆ ಕೊರಿಯರ್ ಆರಿಸುವ ಬಗೆ

ಆನ್‌ಲೈನ್‌ನಲ್ಲಿ ಮಾರಾಟ ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವ ಕೊರಿಯರ್ ಒಳ್ಳೇದು?" ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಮೊಬೈಲ್ ಕವರ್ ಮಾರುವವರಿಗೆ ಚೆನ್ನಾಗಿ ಒದಗಿದ ಕಂಪನಿ ಗಾಜಿನ ದೀಪ ಮಾರುವವರಿಗೆ ತಲೆನೋವಾಗಬಹುದು. ದೊಡ್ಡ ನಗರಗಳಿಗೆ ಒಂದೇ ದಿನದಲ್ಲಿ ತಲುಪಿಸುವವರು ಸಣ್ಣ ಊರಿನ ಪಾರ್ಸೆಲ್ಲನ್ನು ಬೇರೆಯವರ ಕೈಗೆ ದಾಟಿಸಿ ಮರೆತುಬಿಡಬಹುದು. ಹೆಚ್ಚಿನವರು ಮೊದಲು ರೇಟ್ ಕಾರ್ಡ್ ತರಿಸಿ, ಕಡಿಮೆ ಅಂಕಿ ಯಾವುದೋ ಅದಕ್ಕೆ ಗಂಟು ಬೀಳುತ್ತಾರೆ. ನಾನು ಹೇಳುವುದು ಉಲ್ಟಾ. ಮೊದಲು ನಿಮ್ಮ ಪಾರ್ಸೆಲ್ ಎಂಥದ್ದು, ಎಲ್ಲಿಗೆ ಹೋಗುತ್ತದೆ, ಅದು ವಾಪಸ್ ಬಂದರೆ ನಿಮಗೆ ಎಷ್ಟು ಹೊಡೆತ ಅನ್ನುವುದನ್ನು ಲೆಕ್ಕ ಹಾಕಿ. ರೇಟ್ ಕಾರ್ಡ್ ಬರುವುದು ಅದಾದ ಮೇಲೆ.

ಪಾರ್ಸೆಲ್‌ನ ಜಾತಕ ತೆಗೆಯಿರಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಳೆದ ಎರಡು ಮೂರು ತಿಂಗಳ ಆರ್ಡರ್‌ಗಳನ್ನು ಅದಕ್ಕೆ ಹಾಕಿ. ಪ್ರತಿ ಸಾಲಿನಲ್ಲಿ ಇವಿಷ್ಟು ಬೇಕು: ಪ್ಯಾಕ್ ಆದ ಮೇಲಿನ ತೂಕ, ಡಬ್ಬದ ಉದ್ದ ಅಗಲ ಎತ್ತರ, ತಲುಪಬೇಕಾದ ಊರಿನ ಅಂಚೆ ಸಂಖ್ಯೆ, ವಸ್ತುವಿನ ಬೆಲೆ, ಒಡೆಯುವಂಥದ್ದೋ ಅಲ್ಲವೋ, ಗ್ರಾಹಕರಿಗೆ ಎಷ್ಟು ದಿನ ಅಂತ ಹೇಳಿದ್ದೀರಿ. ಇನ್ನೂ ಮಾರಾಟವೇ ಶುರುವಾಗಿಲ್ಲ ಅಂದರೆ ನೀವು ಮಾರಲಿರುವ ಪ್ರತಿ ವಸ್ತುವನ್ನೂ ಒಮ್ಮೆ ನಿಜವಾಗಿ ಪ್ಯಾಕ್ ಮಾಡಿ ತೂಗಿ.

ವಸ್ತುವಿನ ತೂಕ ಬೇರೆ, ಪ್ಯಾಕ್ ಆದ ತೂಕ ಬೇರೆ. 450 ಗ್ರಾಂ ವಸ್ತುವಿಗೆ ರಟ್ಟಿನ ಪೆಟ್ಟಿಗೆ, ಬಬಲ್ ಶೀಟ್, ಟೇಪು, ಒಳಗಿನ ಬಿಲ್ಲು ಎಲ್ಲ ಸೇರಿ 520 ಗ್ರಾಂ ಆಯಿತು ಅಂದುಕೊಳ್ಳಿ. ಅರ್ಧ ಕೆಜಿ ಲೆಕ್ಕದಲ್ಲಿ ಬಿಲ್ ಹಾಕುವ ಕಂಪನಿ ಅದಕ್ಕೆ 1 ಕೆಜಿಯ ದುಡ್ಡು ತೆಗೆದುಕೊಳ್ಳುತ್ತದೆ. ಆ 20 ಗ್ರಾಂ ಇಳಿಸಲು ತೆಳು ಪೆಟ್ಟಿಗೆ ಸಾಕಾಗಬಹುದು. ಅದಕ್ಕೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಾದರೂ ಸರಿ, ಒಂದು ತಕ್ಕಡಿ ಇಟ್ಟುಕೊಳ್ಳಿ.

ಈ ಪಟ್ಟಿ ತಯಾರಾದರೆ ಎರಡು ವಿಷಯ ತಾನಾಗಿ ಕಾಣುತ್ತವೆ. ಒಂದು, ನಿಮ್ಮ ಪಾರ್ಸೆಲ್‌ಗಳಲ್ಲಿ ಬಹುಪಾಲು ಒಂದೆರಡು ಅಳತೆಯವೇ. ಇನ್ನೊಂದು, ಅವು ಹೋಗುವ ಜಾಗಗಳೂ ಕೆಲವೇ. ಕಂಪನಿಯ ಜೊತೆ ಮಾತಾಡುವಾಗ ಈ ಮಾಹಿತಿಯೇ ನಿಮ್ಮ ಬಲ.

ಖಾಲಿ ಜಾಗಕ್ಕೂ ದುಡ್ಡು ಕೊಡುತ್ತೀರಿ

ಹೊಸಬರು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಲಾರಿಯಲ್ಲಾಗಲಿ ವಿಮಾನದಲ್ಲಾಗಲಿ ತೂಕಕ್ಕಿಂತ ಮೊದಲು ತುಂಬಿಹೋಗುವುದು ಜಾಗ. ಅದಕ್ಕೇ ಕಂಪನಿಗಳು ಡಬ್ಬದ ಗಾತ್ರವನ್ನು ತೂಕಕ್ಕೆ ಬದಲಾಯಿಸಿ, ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ ಹಾಕುತ್ತವೆ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅಂತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು ಒಂದು ಭಾಜಕದಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. ಎಕ್ಸ್‌ಪ್ರೆಸ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಈ ಭಾಜಕ 5000, ಮಾಮೂಲಿ ವಿಮಾನ ಸರಕಿನಲ್ಲಿ 6000.

ಲೆಕ್ಕ ಹಾಕಿ ನೋಡಿ. 30×25×15 ಸೆಂ.ಮೀ. ಡಬ್ಬ, ಒಳಗೆ 800 ಗ್ರಾಂ ಮಾಲು. ಗುಣಿಸಿದರೆ 11,250. ಅದನ್ನು 5000ದಿಂದ ಭಾಗಿಸಿದರೆ 2.25 ಕೆಜಿ, ಅರ್ಧ ಕೆಜಿ ಹಂತಕ್ಕೆ ಮೇಲೇರಿಸಿದರೆ 2.5 ಕೆಜಿ. ಅಂದರೆ ಒಂದು ಕೆಜಿಯೂ ಇಲ್ಲದ ಮಾಲಿಗೆ ಎರಡೂವರೆ ಕೆಜಿ ಬಿಲ್! ಅದೇ ಮಾಲು 28×20×8 ಡಬ್ಬದಲ್ಲಿ ಹಿಡಿಸಿದರೆ 4,480 ಭಾಗಿಸು 5000, ಸುಮಾರು 0.9. ಬಿಲ್ 1 ಕೆಜಿಗೆ ಬರುತ್ತದೆ. ಕೊರಿಯರ್ ಬದಲಿಸದೆ, ಡಬ್ಬ ಬದಲಿಸಿದ್ದಕ್ಕೇ ಇಷ್ಟು ಉಳಿತಾಯ. ಇನ್ನು ಆ ಮೊದಲಿನ ದೊಡ್ಡ ಡಬ್ಬವನ್ನೇ 6000 ಭಾಜಕ ಇರುವವರಿಗೆ ಕೊಟ್ಟರೆ 1.875, ಅಂದರೆ 2 ಕೆಜಿ. ಹಾಗಾಗಿ ಕೊರಿಯರ್‌ನವರನ್ನು ಕೇಳುವ ಮೊದಲ ಪ್ರಶ್ನೆ "ಕೆಜಿಗೆ ಎಷ್ಟು" ಅಲ್ಲ, "ಭಾಜಕ ಎಷ್ಟು, ತೂಕವನ್ನು ಎಷ್ಟರ ಹಂತಕ್ಕೆ ಏರಿಸುತ್ತೀರಿ" ಅನ್ನುವುದು.

ಹಿಂದೆ ಅಮೆರಿಕದಲ್ಲಿ ರಸ್ತೆ ಮೂಲಕ ಹೋಗುವ ಚಿಕ್ಕ ಡಬ್ಬಗಳಿಗೆ ಈ ಲೆಕ್ಕ ಇರಲಿಲ್ಲ. 2014ರ ಕೊನೆ ಮತ್ತು 2015ರ ಮೊದಲಲ್ಲಿ ಯುಪಿಎಸ್ ಮತ್ತು ಫೆಡೆಕ್ಸ್ ಎರಡೂ ಅದನ್ನು ಎಲ್ಲ ಗಾತ್ರಕ್ಕೂ ತಂದವು. ದಿಂಬು, ಬೊಂಬೆ, ಲ್ಯಾಂಪ್ ಶೇಡ್‌ನಂಥ ಹಗುರ ಮಾಲು ಮಾರುವವರಿಗೆ ಅದು ದೊಡ್ಡ ಪೆಟ್ಟು.

ಮತ್ತೊಂದು ಮಾತು. ನೀವು ಬರೆದ ಅಳತೆಯನ್ನು ಕಂಪನಿ ಸುಮ್ನೆ ನಂಬುವುದಿಲ್ಲ. ಹಬ್‌ನಲ್ಲಿ, ಅಂದರೆ ಪಾರ್ಸೆಲ್‌ಗಳನ್ನು ಒಟ್ಟುಗೂಡಿಸಿ ವಿಂಗಡಿಸುವ ಕೇಂದ್ರದಲ್ಲಿ, ಯಂತ್ರ ಅಳೆಯುತ್ತದೆ. ಡಬ್ಬ ಉಬ್ಬಿಕೊಂಡಿದ್ದರೆ ಆ ಉಬ್ಬೂ ಲೆಕ್ಕಕ್ಕೆ ಬರುತ್ತದೆ. ವಾರಗಳ ನಂತರ "ತೂಕ ವ್ಯತ್ಯಾಸ" ಅಂತ ಹೆಚ್ಚುವರಿ ಬಿಲ್ ಬಂದಾಗ ಜಗಳ ಆಡಲು ಕೈಯಲ್ಲಿ ಏನಾದರೂ ಇರಬೇಕಲ್ವಾ? ಪ್ರತಿ ಅಳತೆಯ ಡಬ್ಬಕ್ಕೂ ಒಮ್ಮೆ ಫೋಟೋ ತೆಗೆದಿಡಿ: ತಕ್ಕಡಿಯ ಮೇಲೆ ಡಬ್ಬ, ಅಂಕಿ ಕಾಣುವಂತೆ, ಪಕ್ಕದಲ್ಲಿ ಬಿಚ್ಚಿದ ಅಳತೆ ಟೇಪು. ದುಬಾರಿ ಪಾರ್ಸೆಲ್ ಆದರೆ ಪ್ರತಿಯೊಂದಕ್ಕೂ, ಲೇಬಲ್ ಸಮೇತ.

ಯಾರ್‍ಯಾರು ಇದ್ದಾರೆ

ಮೊದಲನೆಯವರು ಅಂಚೆ ಇಲಾಖೆ. ಬೇರೆ ಯಾರೂ ಹೋಗದ ಊರಿಗೂ ಹೋಗುತ್ತಾರೆ, ಹಗುರ ಪಾರ್ಸೆಲ್‌ಗೆ ಇವರನ್ನು ಸೋಲಿಸುವುದು ಕಷ್ಟ. ದೇಶದಾಚೆಗೂ ಸಣ್ಣ ಪಾರ್ಸೆಲ್‌ಗೆ ಇದು ಅಗ್ಗದ ದಾರಿ. ಇದರ ಹಿಂದೆ 1874ರಲ್ಲಿ ಶುರುವಾದ ವಿಶ್ವ ಅಂಚೆ ಒಕ್ಕೂಟದ ವ್ಯವಸ್ಥೆ ಇದೆ. ಆ ಒಕ್ಕೂಟದ ಮಾದರಿಯ ಟ್ರ್ಯಾಕಿಂಗ್ ನಂಬರಿನಲ್ಲಿ 13 ಅಕ್ಷರ ಇರುತ್ತವೆ: ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಪಾರ್ಸೆಲ್ ಗಡಿ ದಾಟಿದ ಮೇಲೆ ಅದೇ ನಂಬರನ್ನು ತಲುಪುವ ದೇಶದ ಅಂಚೆಯ ತಾಣದಲ್ಲಿ ಹಾಕಿ ನೋಡಿ, ಅಲ್ಲಿ ಜಾಸ್ತಿ ವಿವರ ಸಿಗುವುದುಂಟು. ಅಂಚೆಯ ಕೊರತೆ ಏನೆಂದರೆ ಪಿಕಪ್ ಮತ್ತು ದೂರು ಪರಿಹಾರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ.

ಎರಡನೆಯವರು ಡಿಎಚ್‌ಎಲ್, ಫೆಡೆಕ್ಸ್, ಯುಪಿಎಸ್‌ನಂಥ ಎಕ್ಸ್‌ಪ್ರೆಸ್ ಕಂಪನಿಗಳು. ಸ್ವಂತ ವಿಮಾನ, ಸ್ವಂತ ಹಬ್, ಸ್ವಂತ ಕಸ್ಟಮ್ಸ್ ಸಿಬ್ಬಂದಿ. ವೇಗ ಇದೆ, ದುಬಾರಿಯೂ ಹೌದು. ಮೂರನೆಯವರು ಒಂದು ಪ್ರಾಂತ್ಯದಲ್ಲಷ್ಟೇ ಓಡಾಡುವ ಕಂಪನಿಗಳು. ನಿಮ್ಮ ಅರ್ಧಕ್ಕಿಂತ ಹೆಚ್ಚು ಗ್ರಾಹಕರು ಆ ಪ್ರಾಂತ್ಯದಲ್ಲೇ ಇದ್ದರೆ ಇವರನ್ನು ಕಡೆಗಣಿಸಬೇಡಿ, ಫೋನ್ ಮಾಡಿದರೆ ಮನುಷ್ಯರು ಎತ್ತುತ್ತಾರೆ.

ನಾಲ್ಕನೆಯದು ಅಗ್ರಿಗೇಟರ್ ತಾಣಗಳು. ಒಂದೇ ಖಾತೆಯಲ್ಲಿ ಹತ್ತು ಕೊರಿಯರ್. ಅವರು ಲಕ್ಷಾಂತರ ಪಾರ್ಸೆಲ್ ಲೆಕ್ಕದಲ್ಲಿ ರೇಟು ಮಾತಾಡಿರುತ್ತಾರೆ, ಹಾಗಾಗಿ ತಿಂಗಳಿಗೆ ಐವತ್ತು ನೂರು ಕಳಿಸುವವರಿಗೆ ನೇರವಾಗಿ ಹೋದರೆ ಸಿಗದ ರೇಟು ಇಲ್ಲಿ ಸಿಗುತ್ತದೆ. ಶುರು ಮಾಡುವವರಿಗೆ ನನ್ನ ಸಲಹೆ ಇದೇ. ಆದರೆ ಏನಾದರೂ ಎಡವಟ್ಟಾದರೆ ಕೊರಿಯರ್‌ನವರು "ಅಗ್ರಿಗೇಟರ್‌ಗೆ ಹೇಳಿ" ಅಂತಾರೆ, ಅಗ್ರಿಗೇಟರ್‌ನವರು "ಕೊರಿಯರ್‌ನಿಂದ ಉತ್ತರ ಬಂದಿಲ್ಲ" ಅಂತಾರೆ. ಇಬ್ಬರ ನಡುವೆ ನೀವು. ಖಾತೆ ತೆರೆಯುವ ಮೊದಲೇ ಕ್ಲೈಮ್ ಯಾರು ಇತ್ಯರ್ಥ ಮಾಡುತ್ತಾರೆ, ಎಷ್ಟು ದಿನದಲ್ಲಿ ಅಂತ ಇಮೇಲ್‌ನಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ.

ಅವರು ಎಲ್ಲಿಗೆ ಹೋಗುತ್ತಾರೆ ಅಂತ ನೀವೇ ಪರೀಕ್ಷಿಸಿ

"ದೇಶದೆಲ್ಲೆಡೆ ಸೇವೆ" ಅನ್ನುವುದು ಜಾಹೀರಾತಿನ ಮಾತು. ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಬಂದ ಇಪ್ಪತ್ತು ಅಂಚೆ ಸಂಖ್ಯೆ ತೆಗೆದುಕೊಳ್ಳಿ. ಜೊತೆಗೆ ಅತಿ ದೂರದ ಐದು. ಪ್ರತಿ ಕಂಪನಿಯ ತಾಣದಲ್ಲೂ ಹಾಕಿ ನೋಡಿ. ತಲುಪಿಸುತ್ತಾರಾ ಅಂತ ಮಾತ್ರ ನೋಡಿದರೆ ಸಾಲದು. ಅಲ್ಲಿಂದ ವಾಪಸ್ ಪಾರ್ಸೆಲ್ ಎತ್ತುತ್ತಾರಾ? ಕ್ಯಾಶ್ ಆನ್ ಡೆಲಿವರಿ ಇದೆಯಾ? ದೂರದ ಜಾಗ ಅಂತ ಹೆಚ್ಚುವರಿ ಶುಲ್ಕ ಇದೆಯಾ? ಕೊನೆಯ ಹಂತದಲ್ಲಿ ಬೇರೆ ಕಂಪನಿಗೆ ದಾಟಿಸುತ್ತಾರಾ? ದಾಟಿಸಿದಲ್ಲೆಲ್ಲ ಟ್ರ್ಯಾಕಿಂಗ್ ಒಂದೆರಡು ದಿನ ಮೌನವಾಗುವುದು ಮಾಮೂಲು, ಗ್ರಾಹಕರ ಮೆಸೇಜು ಬರುವುದೂ ಆಗಲೇ.

ಈಗ ರೇಟ್ ಕಾರ್ಡ್

ಮೊದಲ ಪುಟದ ದೊಡ್ಡ ಅಂಕಿ ಬಿಡಿ. ಕೊನೆಯ ಪುಟದ ಸಣ್ಣ ಅಕ್ಷರ ಓದಿ. ಇಂಧನ ಶುಲ್ಕ ಎಷ್ಟು ಶೇಕಡಾ, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ. ವಿಳಾಸ ತಿದ್ದಿದರೆ ಎಷ್ಟು. ಡಬ್ಬದ ಒಂದು ಬದಿ ಮಿತಿ ಮೀರಿದರೆ ಎಷ್ಟು. ಹಬ್ಬದ ಸೀಸನ್ನಿನಲ್ಲಿ ಏರಿಸುತ್ತಾರಾ. ತಿಂಗಳಿಗೆ ಇಷ್ಟು ಕಳಿಸದಿದ್ದರೆ ದಂಡ ಇದೆಯಾ. ತೆರಿಗೆ ಸೇರಿದೆಯಾ. ಕ್ಯಾಶ್ ಆನ್ ಡೆಲಿವರಿ ಇದ್ದರೆ ಅದರ ಶುಲ್ಕ ಎಷ್ಟು, ಮತ್ತು ಗ್ರಾಹಕರು ಕೊಟ್ಟ ದುಡ್ಡು ನಿಮ್ಮ ಕೈಗೆ ಬರುವುದು ಎಷ್ಟು ದಿನಕ್ಕೆ. ಈ ಕೊನೆಯದನ್ನು ಜನ ಕೇಳುವುದೇ ಇಲ್ಲ. ವಾರಕ್ಕೊಮ್ಮೆ ಬರುವ ದುಡ್ಡಿಗೂ ತಿಂಗಳಿಗೊಮ್ಮೆ ಬರುವ ದುಡ್ಡಿಗೂ ಬಂಡವಾಳ ಕಡಿಮೆ ಇರುವವರ ಪಾಲಿಗೆ ಬಹಳ ವ್ಯತ್ಯಾಸ. ಮುಂದಿನ ಸರಕು ತರಲು ಕೈಯಲ್ಲಿ ಕಾಸಿಲ್ಲದೆ ಕೂರಬೇಕಾಗುತ್ತದೆ.

ಇದೆಲ್ಲ ಆದ ಮೇಲೆ ಹೋಲಿಸಬೇಕಾದ ಅಂಕಿ ಒಂದೇ: ಗ್ರಾಹಕರ ಕೈಸೇರಿದ ಒಂದು ಪಾರ್ಸೆಲ್‌ಗೆ ಒಟ್ಟು ಎಷ್ಟು ಖರ್ಚಾಯಿತು. ಯಾವ ನಾಣ್ಯವಾದರೂ ಇರಲಿ, ಹೀಗೆ ಊಹಿಸಿಕೊಳ್ಳಿ. ಮೊದಲ ಕಂಪನಿ ಪಾರ್ಸೆಲ್‌ಗೆ 80 ಕೇಳುತ್ತದೆ, ಎರಡನೆಯದು 95. ವಾಪಸ್ ಬಂದರೆ ಇಬ್ಬರೂ ಅಷ್ಟೇ ದುಡ್ಡು ಮತ್ತೆ ಹಾಕುತ್ತಾರೆ. ಮೊದಲನೆಯವರ ಕೈಯಲ್ಲಿ ನೂರರಲ್ಲಿ 18 ವಾಪಸ್ ಬರುತ್ತವೆ, ಎರಡನೆಯವರ ಕೈಯಲ್ಲಿ 8. ಮೊದಲನೆಯದಕ್ಕೆ ಒಟ್ಟು 9,440, ತಲುಪಿದ್ದು 82, ಅಂದರೆ ತಲಾ 115. ಎರಡನೆಯದಕ್ಕೆ ಒಟ್ಟು 10,260, ತಲುಪಿದ್ದು 92, ತಲಾ 111.5. ಅಗ್ಗ ಅಂದುಕೊಂಡದ್ದೇ ದುಬಾರಿಯಾಯಿತು. ವಾಪಸ್ ಬಂದ ಮಾಲು ಮತ್ತೆ ಪ್ಯಾಕ್ ಮಾಡುವ ಖರ್ಚು, ಕೈತಪ್ಪಿದ ಮಾರಾಟ, ಕೆಟ್ಟ ರಿವ್ಯೂ ಇದರಲ್ಲಿ ಸೇರಿಸಿಯೇ ಇಲ್ಲ.

ದಿನಗಳ ಲೆಕ್ಕ

"3ರಿಂದ 5 ದಿನ" ಅಂದಾಗ ಸಾಮಾನ್ಯವಾಗಿ ಪಿಕಪ್ ದಿನ ಸೇರಿರುವುದಿಲ್ಲ, ರಜಾದಿನ ಸೇರಿರುವುದಿಲ್ಲ. ಸಂಜೆ ಪಿಕಪ್ ಗಾಡಿ ಬಂದು ಹೋದ ಮೇಲೆ ಬಂದ ಆರ್ಡರ್ ಮರುದಿನಕ್ಕೆ ಜಾರುತ್ತದೆ. ಸರಾಸರಿ ವೇಗಕ್ಕಿಂತ ಒಂದೇ ಥರ ತಲುಪಿಸುವುದು ಮುಖ್ಯ. ಯಾವಾಗಲೂ ಐದು ದಿನ ತೆಗೆದುಕೊಳ್ಳುವ ಕೊರಿಯರ್ ಇದ್ದರೆ ಗ್ರಾಹಕರಿಗೆ ಐದು ದಿನ ಅಂತ ಧೈರ್ಯವಾಗಿ ಹೇಳಬಹುದು. ಒಮ್ಮೆ ಎರಡು, ಒಮ್ಮೆ ಒಂಬತ್ತು ಅನ್ನುವವರನ್ನು ಇಟ್ಟುಕೊಂಡು ಏನು ಹೇಳುತ್ತೀರಿ?

ಪಿಕಪ್ ಹುಡುಗ ನಿಮ್ಮ ಎದುರೇ ಸ್ಕ್ಯಾನ್ ಮಾಡುತ್ತಾನಾ ಅಂತಲೂ ನೋಡಿ. ಸ್ಕ್ಯಾನ್ ಇಲ್ಲದೆ ಚೀಲಕ್ಕೆ ತುಂಬಿಕೊಂಡು ಹೋದ ಪಾರ್ಸೆಲ್ ಹಬ್ ಸೇರುವ ಮೊದಲೇ ಕಳೆದರೆ, ನೀವು ಕೊಟ್ಟಿದ್ದಕ್ಕೇ ಪುರಾವೆ ಇರುವುದಿಲ್ಲ. ಸ್ಕ್ಯಾನ್ ಮಾಡದಿದ್ದರೆ ಪಾರ್ಸೆಲ್ ನಂಬರುಗಳ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ.

ಕಳೆದರೆ, ಒಡೆದರೆ

ಕೊರಿಯರ್‌ಗೆ ಕೊಟ್ಟ ಮಾತ್ರಕ್ಕೆ ಇನ್ಶೂರೆನ್ಸ್ ಆಯಿತು ಅಂತ ಅಲ್ಲ. ಕಂಪನಿಗಳ ಹೊಣೆಗೆ ಮಿತಿ ಇರುತ್ತದೆ, ಕೆಲವು ಕಡೆ ಅದು ವಸ್ತುವಿನ ಬೆಲೆಗಲ್ಲ, ತೂಕಕ್ಕೆ ಕಟ್ಟಿರುತ್ತದೆ. ವಿಮಾನದಲ್ಲಿ ದೇಶದಾಚೆ ಹೋಗುವ ಸರಕಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದವನ್ನೇ ನೋಡಿ. 2024ರ ಡಿಸೆಂಬರ್ 28ರಿಂದ ಅದರ ಮಿತಿ ಕೆಜಿಗೆ 26 ಎಸ್‌ಡಿಆರ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಲೆಕ್ಕಕ್ಕೆ ಬಳಸುವ ಹಣದ 26 ಘಟಕ. ಅರ್ಧ ಕೆಜಿ ತೂಗುವ ದುಬಾರಿ ವಾಚ್ ಕಳೆದುಹೋದರೆ ಈ ಲೆಕ್ಕದಲ್ಲಿ 13 ಘಟಕ. ವಾಚಿನ ಬೆಲ್ಟಿಗೂ ಸಾಕಾಗುವುದು ಅನುಮಾನ. ಬೆಲೆಬಾಳುವ ಮಾಲಿಗೆ ಬೆಲೆ ಘೋಷಿಸಿ, ಪ್ರತ್ಯೇಕ ಇನ್ಶೂರೆನ್ಸ್ ಕೊಂಡು ಕಳಿಸಿ.

ಇನ್ಶೂರೆನ್ಸ್ ಇದ್ದರೂ ಷರತ್ತು ಓದಿ. ಕ್ಲೈಮ್ ಎಷ್ಟು ದಿನದೊಳಗೆ ಹಾಕಬೇಕು? ಗಾಜು, ಪಿಂಗಾಣಿ ಹೊರಗಿಟ್ಟಿದ್ದಾರಾ? "ಪ್ಯಾಕಿಂಗ್ ಸರಿಯಿಲ್ಲ" ಅಂತ ಕ್ಲೈಮ್ ತಿರಸ್ಕರಿಸುವುದು ತೀರಾ ಸಾಮಾನ್ಯ. ಅದಕ್ಕೇ ಒಡೆಯುವ ಮಾಲಿಗೆ ಪ್ಯಾಕ್ ಮಾಡುವಾಗಲೇ ಒಂದು ಸಣ್ಣ ವಿಡಿಯೋ ಮಾಡಿಡಿ. ನಿಮ್ಮದೇ ಡಬ್ಬವನ್ನು ಎದೆ ಎತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ ನೋಡಿ, ಬೆಲ್ಟ್ ಮೇಲೆ, ಗಾಡಿಯಲ್ಲಿ ಅದಕ್ಕೆ ಅಂಥ ಏಟು ಬೀಳುವುದೇ. "ನಾಜೂಕು" ಅಂತ ಸ್ಟಿಕ್ಕರ್ ಅಂಟಿಸಿದರೆ ಯಂತ್ರಕ್ಕೆ ಓದಲು ಬರುವುದಿಲ್ಲ.

ಕಳಿಸಲು ಬಿಡದ ವಸ್ತುಗಳು

ನೀವು ಮಾರುವುದನ್ನು ಆ ಕಂಪನಿ ಒಯ್ಯುತ್ತದೆಯಾ ಅಂತ ಮೊದಲೇ ನೋಡಿ. ಅತ್ತರು, ಸ್ಪ್ರೇ ಡಬ್ಬಿ, ನೇಲ್ ಪಾಲಿಶ್, ಆಯಸ್ಕಾಂತ, ಬ್ಯಾಟರಿ ಇವೆಲ್ಲ ವಿಮಾನದ ನಿಯಮದಲ್ಲಿ ಸಿಕ್ಕಿಬೀಳುವಂಥವು. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದಕ್ಕೆ 2016ರ ಏಪ್ರಿಲ್ 1ರಿಂದ ನಿಷೇಧ ಇದೆ. ಪವರ್ ಬ್ಯಾಂಕ್ ಕೂಡ ಈ ಲೆಕ್ಕಕ್ಕೇ ಬರುತ್ತದೆ. ಸುಳ್ಳು ವಿವರ ಬರೆದು ಕಳಿಸಿದರೆ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ, ಪಾರ್ಸೆಲ್ ಹೋಗುವುದರ ಜೊತೆ ಖಾತೆಯೂ ಹೋಗುತ್ತದೆ. ಇಂಥ ಮಾಲಿಗೆ ರಸ್ತೆ ಸೇವೆ ಇರುವ ಕಂಪನಿಯೇ ಬೇಕು.

ದೇಶದಾಚೆ ಕಳಿಸುವುದಿದ್ದರೆ

ಸುಂಕವನ್ನು ಯಾರು ಕಟ್ಟುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಡಿಡಿಪಿ ಅಂದರೆ ನೀವೇ ಮುಂಚೆ ಕಟ್ಟುತ್ತೀರಿ. ಡಿಎಪಿ ಅಂದರೆ ಪಡೆಯುವವರು ಕಟ್ಟಬೇಕು. ಬಾಗಿಲಿಗೆ ಬಂದ ಪಾರ್ಸೆಲ್‌ಗೆ ಮತ್ತೆ ದುಡ್ಡು ಕೇಳಿದರೆ ಬಹಳ ಜನ ತೆಗೆದುಕೊಳ್ಳುವುದೇ ಇಲ್ಲ, ವಾಪಸ್ ತರಿಸುವ ಖರ್ಚು ಮಾಲಿಗಿಂತ ಜಾಸ್ತಿ. ಸಣ್ಣ ಬೆಲೆಯ ಪಾರ್ಸೆಲ್‌ಗೆ ಇದ್ದ ವಿನಾಯಿತಿಗಳೂ ಒಂದೊಂದಾಗಿ ಹೋಗುತ್ತಿವೆ. ಐರೋಪ್ಯ ಒಕ್ಕೂಟ 2021ರ ಜುಲೈ 1ರಿಂದ 22 ಯೂರೋ ಒಳಗಿನ ವ್ಯಾಟ್ ವಿನಾಯಿತಿ ತೆಗೆಯಿತು. ಅಮೆರಿಕ 800 ಡಾಲರ್ ಒಳಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಹಾಗಾಗಿ ಡಿಡಿಪಿ ಮಾಡಿಕೊಡುವ ಕೊರಿಯರ್ ಸ್ವಲ್ಪ ದುಬಾರಿಯಾದರೂ ಅದನ್ನೇ ಹಿಡಿಯಿರಿ. ಪ್ರತಿ ವಸ್ತುವಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ವಸ್ತುವನ್ನು ಗುರುತಿಸಲು ಬಳಸುವ ಸಂಖ್ಯೆ, ಮೊದಲೇ ಹುಡುಕಿಡಿ. ಅದರ ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ವಿವರದಲ್ಲಿ "ಉಡುಗೊರೆ ಸಾಮಾನು" ಅಂತ ಬರೆಯಬೇಡಿ, "ಹತ್ತಿಯ ಕೈಚೀಲ, 2" ಅಂತ ಬರೆಯಿರಿ.

ಪರೀಕ್ಷೆ ಮಾಡದೆ ಒಪ್ಪಂದ ಬೇಡ

ಪಟ್ಟಿ ಎರಡು ಮೂರು ಕಂಪನಿಗೆ ಇಳಿದ ಮೇಲೆ ನಿಜವಾದ ಆರ್ಡರ್‌ಗಳನ್ನು ಹಂಚಿ ಕಳಿಸಿ. ಒಬ್ಬರಿಗೆ ಹತ್ತಿರದವು, ಇನ್ನೊಬ್ಬರಿಗೆ ದೂರದವು ಅಂತ ಕೊಟ್ಟರೆ ಹೋಲಿಕೆ ಕೆಡುತ್ತದೆ. ಒಂದೇ ಥರದ ಜಾಗಗಳಿಗೆ, ಒಂದೇ ಥರದ ಡಬ್ಬ, ಪ್ರತಿಯೊಬ್ಬರಿಗೂ ಕನಿಷ್ಠ ಇಪ್ಪತ್ತು ಮೂವತ್ತಾದರೂ ಇರಲಿ. ಪರಿಚಯದವರಿಗೂ ಒಂದೆರಡು ಕಳಿಸಿ, ಬಂದ ಡಬ್ಬದ ಫೋಟೋ ತರಿಸಿಕೊಳ್ಳಿ, ಮೂಲೆ ಜಜ್ಜಿದೆಯಾ, ಟೇಪು ಬಿಚ್ಚಿ ಅಂಟಿಸಿದ್ದಾರಾ ನೋಡಿ.

ಟ್ರ್ಯಾಕಿಂಗ್ ಪುಟವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. "ಗ್ರಾಹಕರು ಸಿಗಲಿಲ್ಲ" ಅಂತ ಇದ್ದರೆ ಅದು ದಾಖಲಾದ ಸಮಯ ನೋಡಿ. ಬೇರೆ ಬೇರೆ ಬೀದಿಯ ನಾಲ್ಕು ಪಾರ್ಸೆಲ್‌ಗೆ ರಾತ್ರಿ 9:50ಕ್ಕೆ, ಒಂದೇ ನಿಮಿಷದಲ್ಲಿ ಹಾಗೆ ಬಿದ್ದಿದ್ದರೆ ಯಾರೂ ಯಾವ ಬಾಗಿಲೂ ತಟ್ಟಿಲ್ಲ. ಗ್ರಾಹಕರಿಗೇ ಫೋನ್ ಮಾಡಿ ಕೇಳಿ, "ಯಾರಾದರೂ ಬಂದಿದ್ರಾ, ಕರೆ ಬಂದಿತ್ತಾ?" ಈ ಸುಳ್ಳು ಪ್ರಯತ್ನಗಳೂ ವಾಪಸ್ ಪಾರ್ಸೆಲ್‌ಗೆ ಒಂದು ಕಾರಣ. ಮಾರಾಟ ಪ್ರತಿನಿಧಿ ಇದನ್ನು ಎಂದೂ ಹೇಳುವುದಿಲ್ಲ.

ಪರೀಕ್ಷೆಯ ಹೊತ್ತಿನಲ್ಲೇ ಸಹಾಯವಾಣಿಗೂ ಒಂದು ಕೆಲಸ ಕೊಡಿ. ದಾರಿಯಲ್ಲಿರುವ ಪಾರ್ಸೆಲ್‌ನ ಫೋನ್ ನಂಬರ್ ಬದಲಿಸಿ ಅಂತ ಕೇಳಿ. ಎಷ್ಟು ಹೊತ್ತಾಯಿತು, ನಿಜವಾಗಿ ಬದಲಾಯಿತಾ ಬರೆದಿಡಿ. ಮೊದಲ ಬಿಲ್ ಬಂದಾಗ ಸಾಲು ಸಾಲಾಗಿ ನಿಮ್ಮ ತೂಕದ ಪಟ್ಟಿಯ ಜೊತೆ ತಾಳೆ ನೋಡಿ.

ತಪ್ಪು ನಿಮ್ಮ ಕಡೆಯದ್ದೂ ಇರಬಹುದು. ಲೇಬಲ್ ಡಬ್ಬದ ಅಂಚಿನ ಮೇಲೆ ಮಡಚಿ ಅಂಟಿಸಿದರೆ, ಬಾರ್‌ಕೋಡ್ ಮೇಲೆ ಹೊಳೆಯುವ ಟೇಪು ಎಳೆದರೆ ಸ್ಕ್ಯಾನರ್‌ಗೆ ಓದಲಾಗುವುದಿಲ್ಲ, ಪಾರ್ಸೆಲ್ ಪಕ್ಕಕ್ಕೆ ಬೀಳುತ್ತದೆ. ಶಾಯಿಯಿಲ್ಲದೆ ಬಿಸಿಯಿಂದಲೇ ಅಚ್ಚಾಗುವ ಥರ್ಮಲ್ ಲೇಬಲ್ ಹೆಚ್ಚು ಬಿಸಿಯಾದರೆ ಕಪ್ಪಾಗುತ್ತದೆ. ಹಳೆ ಡಬ್ಬ ಮರುಬಳಕೆ ಮಾಡಿದರೆ ಹಿಂದಿನ ಬಾರ್‌ಕೋಡ್ ಪೂರ್ತಿ ಕಿತ್ತುಹಾಕಿ.

ರೇಟು ಮಾತಾಡುವುದು, ಇಬ್ಬರನ್ನು ಇಟ್ಟುಕೊಳ್ಳುವುದು

ಪಾರ್ಸೆಲ್‌ನ ಜಾತಕ ಕೈಯಲ್ಲಿದ್ದರೆ ಮಾತುಕತೆ ಸುಲಭ. "ನನ್ನ ಬಹುಪಾಲು ಮಾಲು 1 ಕೆಜಿ ಒಳಗೆ, ಈ ಹತ್ತು ಜಾಗಕ್ಕೆ" ಅಂದರೆ ಆ ಹಂತಕ್ಕೆ, ಆ ಜಾಗಗಳಿಗೆ ರೇಟು ಇಳಿಸಿಕೊಳ್ಳಬಹುದು. 20 ಕೆಜಿ ಪಾರ್ಸೆಲ್‌ಗೆ ರಿಯಾಯಿತಿ ಕೊಟ್ಟರೆ ನಿಮಗೇನು ಪ್ರಯೋಜನ? ಕೆಜಿ ರೇಟು ಇಳಿಸಲು ಒಪ್ಪದಿದ್ದರೆ ಭಾಜಕ, ವಾಪಸ್ ಶುಲ್ಕ, ದುಡ್ಡು ಕೊಡುವ ಅವಧಿ ಕೇಳಿ. ಇವುಗಳಲ್ಲಿ ಅವರು ಸಡಿಲ ಬಿಡುವ ಸಾಧ್ಯತೆ ಹೆಚ್ಚು. ಇಷ್ಟು ಪಾರ್ಸೆಲ್ ಕಳಿಸಿಯೇ ತೀರಬೇಕು ಅನ್ನುವ ಷರತ್ತಿಗೆ ಮೊದಲ ವರ್ಷ ಸಹಿ ಹಾಕಬೇಡಿ.

ಹೆಚ್ಚಿನ ಪಾಲು ಒಬ್ಬರಿಗೆ ಕೊಟ್ಟರೂ ಎರಡನೆಯವರ ಖಾತೆ ಜೀವಂತ ಇರಲಿ. ಮುಷ್ಕರವೋ ಮಳೆಯೋ ಸೀಸನ್ನಿನ ನೂಕುನುಗ್ಗಲೋ ಬಂದಾಗ ಹೊಸ ಖಾತೆ ತೆರೆಯಲು ಹೊರಟರೆ ದಾಖಲೆ ಪರಿಶೀಲನೆಯಲ್ಲೇ ದಿನಗಳು ಹೋಗುತ್ತವೆ. ವಾರಕ್ಕೆ ಒಂದೆರಡು ಪಾರ್ಸೆಲ್ ಅವರಿಗೂ ಹೋಗುತ್ತಿದ್ದರೆ ಸಾಕು.

ಮೂರು ತಿಂಗಳಿಗೊಮ್ಮೆ ಅದೇ ಶೀಟ್ ತೆರೆದು ತಲುಪಿದ ಪಾರ್ಸೆಲ್‌ನ ತಲಾ ಖರ್ಚು ಮತ್ತೆ ಲೆಕ್ಕ ಹಾಕಿ. ಬದಲಿಸಲೇಬೇಕು ಅನಿಸಿದರೆ ಒಂದೇ ದಿನದಲ್ಲಿ ಬಾಗಿಲು ಹಾಕಬೇಡಿ. ಮೊದಲು ಹೊಸಬರ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿ. ಹಳೆಯ ಖಾತೆಯಲ್ಲಿ ದಾರಿಯಲ್ಲಿರುವ ಪಾರ್ಸೆಲ್‌ಗಳೆಲ್ಲ ತಲುಪಿ, ವಾಪಸ್ ಬರಬೇಕಾದವು ಬಂದು, ಬಾಕಿ ಕ್ಯಾಶ್ ಆನ್ ಡೆಲಿವರಿ ದುಡ್ಡು ಕೈಸೇರಿ, ಕೊನೆಯ ತೂಕ ವ್ಯತ್ಯಾಸದ ಬಿಲ್ಲೂ ಇತ್ಯರ್ಥವಾದ ಮೇಲೆ, ಎಲ್ಲ ಲೆಕ್ಕದ ಪ್ರತಿ ಇಳಿಸಿಕೊಂಡು, ಆಮೇಲೆ ಆ ಖಾತೆ ಮುಚ್ಚಿ.